ಎಲ್ಲಿ ಎಷ್ಟು ಹೊತ್ತು?

‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಲೋಕದ ತಿಳಿವಳಿಕೆಗೆ ಇರುವ ದಾರಿಗಳು ಇವೆರಡೇ ಎಂದು ಅವರು ಬಗೆದಂತೆ ತೋರುತ್ತದೆ. ಇವುಗಳಲ್ಲಿ ಕೋಶ ಓದುವ ಕ್ರಮ ನಮಗೆ ಚೆನ್ನಾಗಿ ಗೊತ್ತು. ಪುಸ್ತಕದ ಪ್ರತಿಯೊಂದು ಪುಟಕ್ಕೂ ಒಂದೊಂದು ನಿಮಿಷವೆಂದು ಗೊತ್ತುಮಾಡಿಕೊಂಡು, ಗಡಿಯಾರ ನೋಡುತ್ತ ಓದುವವರು ಯಾರೂ ಇಲ್ಲ. ಸುಲಭವಾದ ಪುಟವನ್ನು ಬೇಗ ದಾಟುತ್ತೇವೆ. ಕಠಿನವಾದ ಪುಟದಲ್ಲಿ ನಿಲ್ಲುತ್ತೇವೆ. ಮನಸ್ಸಿಗೆ ಹಿಡಿಸಿದ ಕಡೆಗೆ ಮತ್ತೆ ಮರಳುತ್ತೇವೆ. ಆದರೆ ದೇಶ ಸುತ್ತಲು ಹೊರಟಾಗ ಮಾತ್ರ ಈ ವಿವೇಕವನ್ನು ಮನೆಯಲ್ಲಿಯೇ ಬಿಟ್ಟು ಬಸ್ಸು ಹತ್ತುತ್ತೇವೆ.

ಡಿಸೆಂಬರ್ ತಿಂಗಳು ಬಂದಿತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು ಎದ್ದಿತೆಂದೇ ತಿಳಿಯಬೇಕು. ಅಧ್ಯಾಪಕರ ಕೊಠಡಿಯಲ್ಲಿ ಭೂಪಟ ಬಿಚ್ಚಿಕೊಳ್ಳುತ್ತದೆ. ಊರುಗಳ ಪಟ್ಟಿ ಸಿದ್ಧವಾಗುತ್ತದೆ. ಪಟ್ಟಿ ಬೆಳೆಯುವ ಬಗೆಯೇ ಸ್ವಾರಸ್ಯಕರ. ‘ಶ್ರವಣಬೆಳಗೊಳಕ್ಕೆ ಹೋಗುತ್ತೇವೆ, ದಾರಿಯಲ್ಲೇ ಎಡೆಯೂರಿದೆ, ಅದನ್ನು ಬಿಡುವುದುಂಟೆ?’ ಎಂದು ಒಬ್ಬರು. ‘ಬೇಲೂರಿಗೆ ಹೋದ ಮೇಲೆ ಹಳೆಯಬೀಡು ಹದಿನಾರೇ ಕಿಲೋಮೀಟರು’ ಎಂದು ಇನ್ನೊಬ್ಬರು. ಹೀಗೆ ಸೇರಿಸುವವರು ಹಲವರು. ತೆಗೆಯುವವರು ಒಬ್ಬರೂ ಇಲ್ಲ. ಕೊನೆಗೆ ಇರುವ ಹೊತ್ತನ್ನು ಊರುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಬಂದ ಭಾಗಲಬ್ಧವೇ ಒಂದೊಂದು ಊರಿನಲ್ಲಿ ನಾವು ನಿಲ್ಲುವ ಕಾಲ! ‘ಬೇಲೂರು: 45 ನಿಮಿಷ’ ಎಂದು ಹಾಳೆಯ ಮೇಲೆ ಬರೆದುಬಿಡುತ್ತಾರೆ. ಈ 45 ಎಂಬ ಅಂಕಿ ಬೇಲೂರಿನಿಂದ ಬಂದುದಲ್ಲ, ಭಾಗಾಕಾರದಿಂದ ಬಂದುದು. ಈ ಕ್ರಮ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಲೆಕ್ಕವನ್ನೇ ನೋಡೋಣ. ಬೆಂಗಳೂರಿನಿಂದ ಹೊರಟು ಶ್ರವಣಬೆಳಗೊಳ, ಬೇಲೂರು, ಹಳೆಯಬೀಡುಗಳನ್ನು ನೋಡಿ ಅದೇ ದಿನ ಹಿಂದಿರುಗುವ ಪ್ರವಾಸ ನಮ್ಮಲ್ಲಿ ಬಹಳ ರೂಢಿಯಲ್ಲಿದೆ. ದಾರಿ ಒಟ್ಟು ಸುಮಾರು 460 ಕಿಲೋಮೀಟರು. ಪೇಟೆ, ತಿರುವು, ರಸ್ತೆಯ ಉಬ್ಬು ಎಲ್ಲವೂ ಸೇರಿ ಮಕ್ಕಳ ಬಸ್ಸು ಗಂಟೆಗೆ ಸರಾಸರಿ 45 ಕಿಲೋಮೀಟರು ಓಡಿತೆಂದರೆ ಅದು ಒಳ್ಳೆಯ ಓಟವೇ. ಅಲ್ಲಿಗೆ ಹತ್ತು ಗಂಟೆ ಬಸ್ಸಿನಲ್ಲೇ ಕಳೆಯಿತು. ಬೆಳಗಿನ ಐದಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮರಳುವುದಾದರೆ ಕೈಯಲ್ಲಿ ಉಳಿಯುವುದು ಏಳು ಗಂಟೆ. ತಿಂಡಿ, ಊಟ, ಸಂಜೆಯ ಕಾಫಿಗಳಿಗೆ ಎರಡು ಗಂಟೆ ಬೇಕು. ಉಳಿದುದು ಐದು.

ಇಲ್ಲಿ ಎಲ್ಲರೂ ಮರೆಯುವ ಒಂದು ಖರ್ಚಿದೆ. ಅದು ನಿಲ್ಲುವುದಕ್ಕೇ ತಗಲುವ ಖರ್ಚು. ಐವತ್ತು ಮಕ್ಕಳು ಬಸ್ಸಿನಿಂದ ಇಳಿಯಬೇಕು, ಸಾಲಾಗಿ ನಿಲ್ಲಬೇಕು, ಶೌಚಾಲಯಕ್ಕೆ ಹೋಗಿಬರಬೇಕು, ಚಪ್ಪಲಿ ಬಿಡಬೇಕು. ನೋಡಿ ಮುಗಿದ ಮೇಲೆ ಚಪ್ಪಲಿ ಹುಡುಕಬೇಕು, ನೀರಿನ ಸೀಸೆ ತುಂಬಿಸಿಕೊಳ್ಳಬೇಕು, ತಲೆ ಎಣಿಸಬೇಕು. ನಲವತ್ತೊಂಬತ್ತು ಬಂದರೆ ಮತ್ತೊಮ್ಮೆ ಎಣಿಸಬೇಕು. ಎಷ್ಟೇ ಶಿಸ್ತಿನ ಶಾಲೆಯಾದರೂ ಒಂದು ನಿಲುಗಡೆಗೆ ಇದು ಅರ್ಧ ಗಂಟೆಯನ್ನು ನುಂಗುತ್ತದೆ. ಮೂರು ಊರಿಗೆ ಒಂದೂವರೆ ಗಂಟೆ ಹೋಯಿತು. ಈಗ ಉಳಿದುದು ಮೂರೂವರೆ ಗಂಟೆ. ಊರಿಗೆ ಎಪ್ಪತ್ತು ನಿಮಿಷ. ಎಡೆಯೂರನ್ನು ಸೇರಿಸಿದರೆ ಇನ್ನೂ ಅರ್ಧ ಗಂಟೆ ಹೋಗಿ, ಮೂರು ಗಂಟೆಯನ್ನು ನಾಲ್ಕು ಊರುಗಳಿಗೆ ಹಂಚಬೇಕು. ಆಗ ಒಂದಕ್ಕೆ ದೊರೆಯುವುದು ಅದೇ 45 ನಿಮಿಷ. ಹೊಸದಾಗಿ ಸೇರಿದ ಊರು ತನ್ನ ಪಾಲಿನ ಹೊತ್ತನ್ನಷ್ಟೇ ಕೇಳುವುದಿಲ್ಲ. ಇಳಿಯುವ ಹತ್ತುವ ಹೊತ್ತನ್ನೂ ಉಳಿದ ಊರುಗಳಿಂದ ಕಿತ್ತುಕೊಳ್ಳುತ್ತದೆ.

ಈ 45 ನಿಮಿಷದಲ್ಲಿ ಏನಾಗುತ್ತದೆಂಬುದನ್ನು ಒಂದೊಂದು ಊರಿನಲ್ಲಿಯೂ ನೋಡಬಹುದು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲಿಯೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಬರಿಗಾಲಿನಲ್ಲಿ ಹತ್ತಬೇಕು. ಮಕ್ಕಳು ಮೊದಲ ನೂರು ಮೆಟ್ಟಿಲುಗಳನ್ನು ಓಡುತ್ತಾರೆ, ಮುಂದಿನ ನೂರನ್ನು ನಡೆಯುತ್ತಾರೆ, ಆಮೇಲೆ ಕೂರುತ್ತಾರೆ. ಹತ್ತಿ ಇಳಿಯುವುದಕ್ಕೇ ಒಂದು ಗಂಟೆ ಬೇಕಾದ ಬೆಟ್ಟಕ್ಕೆ 45 ನಿಮಿಷ ಕೊಟ್ಟರೆ ನೋಡುವುದು ಯಾವಾಗ? ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಮಾಡಿಸಿದ, ಸುಮಾರು 58 ಅಡಿ ಎತ್ತರದ ಆ ಏಕಶಿಲಾ ಮೂರ್ತಿಯ ಮುಂದೆ ನಿಂತ ಹುಡುಗ ಮೊದಲು ತನ್ನ ಏದುಸಿರನ್ನು ಆರಿಸಿಕೊಳ್ಳಬೇಕು. ಉಸಿರು ಶಾಂತವಾದ ಮೇಲೆಯೇ ಎದುರಿಗಿರುವ ಮುಖದ ಶಾಂತಿ ಕಾಣುವುದು. ಅದು ಕಾಣುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಸೀಟಿ ಕೇಳಿಸುತ್ತದೆ.

ಎಷ್ಟು ಹೊತ್ತು ಎಂಬುದರ ಜೊತೆಗೆ ಯಾವ ಹೊತ್ತು ಎಂಬ ಪ್ರಶ್ನೆಯೂ ಇದೆ. ಬಿಸಿಲೇರಿದ ಮೇಲೆ ಆ ಬಂಡೆ ಕಾದ ಹಂಚಿನಂತಾಗುತ್ತದೆ. ಬರಿಗಾಲಿನ ಮಕ್ಕಳು ಅಲ್ಲಿ ನಿಂತು ನೋಡಲಾರರು. ಕುಣಿಯುತ್ತ ನೆರಳು ಹುಡುಕುತ್ತಾರೆ. ಬೆಳಗಿನ ಏಳು ಗಂಟೆಯಲ್ಲಿ ಸಿಗುವ ಒಂದು ಗಂಟೆಗೂ ನಡುಹಗಲಿನಲ್ಲಿ ಸಿಗುವ ಒಂದು ಗಂಟೆಗೂ ಗಡಿಯಾರದಲ್ಲಿ ಭೇದವಿಲ್ಲದಿರಬಹುದು, ಅಂಗಾಲಿಗೆ ಭೇದವಿದೆ.

ಬೇಲೂರಿನ ಮಾತು ಬೇರೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರಿದ್ದಾರೆ. 45 ನಿಮಿಷದಲ್ಲಿ ಒಬ್ಬೊಬ್ಬಳಿಗೆ ಒಂದು ನಿಮಿಷ ಸಂದಿತು. ದೇವಾಲಯದ ಮಿಕ್ಕೆಲ್ಲಕ್ಕೂ ಸೇರಿ ಮೂರು ನಿಮಿಷ ಉಳಿಯಿತು! ಇದು ತಮಾಷೆಯ ಲೆಕ್ಕ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಹೊರಗಿನ ಬಿಸಿಲಿನಿಂದ ನವರಂಗದೊಳಕ್ಕೆ ಕಾಲಿಟ್ಟವರಿಗೆ ಮೊದಲು ಏನೂ ಕಾಣುವುದಿಲ್ಲ. ಬೆಳಕಿಗೆ ಒಗ್ಗಿದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹಲವು ನಿಮಿಷಗಳು ಬೇಕು. ಪೂರ್ಣವಾಗಿ ಹೊಂದಿಕೊಳ್ಳಲು ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಬೇಕೆಂದು ಶರೀರವಿಜ್ಞಾನ ಹೇಳುತ್ತದೆ. ಕಡೆದು ನುಣುಪುಗೊಳಿಸಿದ ಆ ಕಂಬಗಳು, ಬಗೆಬಗೆಯಾದ ಅವುಗಳ ಕೆತ್ತನೆ, ನಡುವಣ ಛಾವಣಿಯ ಸೂಕ್ಷ್ಮವಾದ ಕೆಲಸ ಇವೆಲ್ಲ ಕಾದು ನಿಂತವರಿಗೆ ಮೆಲ್ಲಮೆಲ್ಲನೆ ಕತ್ತಲೆಯಿಂದ ಹೊರಬರುತ್ತವೆ. ಐದೇ ನಿಮಿಷದಲ್ಲಿ ಸುತ್ತಿ ಹೊರಬಂದವರು ‘ಒಳಗೆ ಕತ್ತಲೆ, ಏನೂ ಇಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಣ್ಣಿಗೆ ನಾವು ಸಮಯ ಕೊಡಲಿಲ್ಲ, ಅಷ್ಟೆ.

ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯ ಪೂರ್ವಾಭಿಮುಖವಾದುದು. ಅದರ ಶ್ರೇಷ್ಠವಾದ ಶಿಲ್ಪಗಳು ಬಹುಮಟ್ಟಿಗೆ ಹಿಂಬದಿಯ, ಎಂದರೆ ಪಶ್ಚಿಮದ ಗೋಡೆಯಲ್ಲಿವೆ. ಬೆಳಗ್ಗೆ ಹೋದವರಿಗೆ ಆ ಗೋಡೆ ನೆರಳಿನಲ್ಲಿರುತ್ತದೆ. ಮಧ್ಯಾಹ್ನ ಮೂರರ ಅನಂತರ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಆಭರಣದ ಮಣಿಯೂ ತನ್ನ ಪುಟ್ಟ ನೆರಳಿನೊಡನೆ ಎದ್ದು ಕಾಣುತ್ತದೆ. ಆದುದರಿಂದ ಬೇಲೂರನ್ನು ಬೆಳಗ್ಗೆ, ಹಳೆಯಬೀಡನ್ನು ಮಧ್ಯಾಹ್ನದ ಮೇಲೆ ನೋಡುವುದು ಯುಕ್ತ. ಸೂರ್ಯನು ಈ ವೇಳಾಪಟ್ಟಿಯನ್ನು ನಮಗಿಂತ ಮೊದಲೇ ಬರೆದಿಟ್ಟಿದ್ದಾನೆ.

ಇಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಹೇಳಬೇಕು. ಒಮ್ಮೆ ನಮ್ಮ ಶಾಲೆಯ ಮಕ್ಕಳೊಡನೆ ಹಳೆಯಬೀಡಿಗೆ ಹೋಗಿದ್ದಾಗ, ಎಲ್ಲರೂ ಮುಂದೆ ನಡೆದರೂ ಒಬ್ಬ ಹುಡುಗ ಗೋಡೆಯ ತಳದ ಆನೆಗಳ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತೇ ಇದ್ದ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಅವನು. ‘ಏನೋ ಅದು?’ ಎಂದು ಕೇಳಿದೆ. ‘ಸಾರ್, ಈ ಆನೆ ಮುಗಿದಿದೆ, ಇದರ ಪಕ್ಕದ್ದು ಮುಗಿದಿಲ್ಲ. ಇಲ್ಲಿ ಉಳಿ ನಿಲ್ಲಿಸಿಬಿಟ್ಟಿದ್ದಾರೆ ನೋಡಿ. ನಮ್ಮಪ್ಪ ಕಲ್ಲು ಕೆಲಸದವರು, ಅದಕ್ಕೇ ಗೊತ್ತಾಯಿತು’ ಎಂದ. ನಾನು ಎಷ್ಟೋ ಬಾರಿ ನೋಡಿದ್ದ ಗೋಡೆ ಅದು. ಅವನು ತೋರಿಸಿದ ಮೇಲೆ ಉಳಿದ ಮಕ್ಕಳೂ ಹಿಂದಿರುಗಿ ಬಂದರು. ಯಾವ ಆನೆಯ ಸೊಂಡಿಲು ಹೇಗಿದೆ, ಯಾವುದರ ಕಾಲು ಮುಂದಿದೆ ಎಂದು ಹುಡುಕತೊಡಗಿದರು. ಅರ್ಧ ಗಂಟೆ ಕಳೆದುದು ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಆ ಹುಡುಗನನ್ನು ಅವನ ಗೆಳೆಯರು ನೋಡುವ ರೀತಿಯೇ ಬದಲಾಯಿತು. ವೇಳಾಪಟ್ಟಿಯಲ್ಲಿ ಆ ಅರ್ಧ ಗಂಟೆಗೆ ಜಾಗವಿದ್ದುದರಿಂದ ಅದು ಸಾಧ್ಯವಾಯಿತು.

ಹಾಗಾದರೆ ಎಲ್ಲ ಊರುಗಳಲ್ಲಿಯೂ ಹೆಚ್ಚು ಹೊತ್ತು ನಿಲ್ಲಬೇಕೆ ಎಂದು ನೀವು ಕೇಳಬಹುದು. ಹಾಗಲ್ಲ. ಕೆಲವು ಸ್ಥಳಗಳು ಬಯಸುವ ಹೊತ್ತು ಕಡಿಮೆ. ಆದರೆ ಅದು ತಕ್ಕ ಹೊತ್ತಾಗಿರಬೇಕು. ಆಗುಂಬೆಯ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಧಾರಾಳವಾಗಿ ಸಾಕು. ಆ ಅರ್ಧ ಗಂಟೆಗೆ ಹತ್ತು ನಿಮಿಷ ತಡವಾದರೆ ಎರಡು ಗಂಟೆ ನಿಂತರೂ ಕಾಣುವುದು ಕತ್ತಲೆಯೇ. ಮೈಸೂರಿನ ಅರಮನೆ ಭಾನುವಾರದ ಸಂಜೆ ದೀಪಗಳಿಂದ ಬೆಳಗುವುದನ್ನು ನೋಡಲು ಕಾಲು ಗಂಟೆ ಸಾಕು; ಬೇರೆ ದಿನ ಹೋಗುವವರು ದೀಪ ಹಚ್ಚುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಅದೇ ಊರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಇದನ್ನು ವಿಚಾರಿಸದೆ ಹೋಗಿ ಬಾಗಿಲ ಮುಂದೆ ನಿಂತು ಮರಳಿದ ಮಕ್ಕಳ ತಂಡಗಳು ಎಷ್ಟೋ!

ವಿಜಯಪುರದ ಗೋಲಗುಮ್ಮಟದ್ದು ಇನ್ನೊಂದು ಬಗೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ, ಸುಮಾರು 44 ಮೀಟರು ಹೊರವ್ಯಾಸದ ಆ ಗುಮ್ಮಟ ನಡುವೆ ಒಂದು ಕಂಬವೂ ಇಲ್ಲದೆ ನಿಂತಿದೆ. ಮೂಲೆಯ ಗೋಪುರದ ಏಳು ಅಂತಸ್ತುಗಳನ್ನು ಹತ್ತಿ ಮೇಲಿನ ಮೊಗಸಾಲೆಗೆ ಹೋದರೆ, ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಕೇಳಿಸುತ್ತದೆ. ಆದರೆ ಹತ್ತು ಶಾಲೆಗಳ ಮಕ್ಕಳು ಒಟ್ಟಿಗೆ ಕೂಗುತ್ತಿರುವಾಗ ಅಲ್ಲಿ ಪಿಸುಮಾತೂ ಇಲ್ಲ, ಪ್ರತಿಧ್ವನಿಯೂ ಇಲ್ಲ, ಬರೀ ಗದ್ದಲ. ಬೆಳಗ್ಗೆ ಬಾಗಿಲು ತೆರೆದೊಡನೆ ಹೋಗಿ, ಎಲ್ಲರೂ ಬಾಯಿ ಮುಚ್ಚಿ, ಒಬ್ಬನಿಗೆ ಮಾತ್ರ ಮಾತನಾಡಲು ಬಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಆ ಕಟ್ಟಡದ ಅದ್ಭುತ ತಿಳಿಯುತ್ತದೆ. ಅಲ್ಲಿ ಬೇಕಾದುದು ಮೌನ.

ಜೋಗದಲ್ಲಿ ಬೇಕಾದುದು ತಾಳ್ಮೆ. ಶರಾವತಿ 253 ಮೀಟರಿನ ಆಳಕ್ಕೆ ಧುಮುಕುವ ಆ ನೋಟವನ್ನು ಮಳೆಗಾಲದಲ್ಲಿ ಮಂಜು ಮುಚ್ಚಿಬಿಡುತ್ತದೆ. ಬಸ್ಸಿನಿಂದಿಳಿದವರಿಗೆ ಭೋರ್ಗರೆತ ಕೇಳಿಸುತ್ತದೆ, ಕಣ್ಣಿಗೆ ಬೆಳ್ಳನೆಯ ಪರದೆ. ‘ಏನೂ ಕಾಣಿಸುವುದಿಲ್ಲ, ನಡೆಯಿರಿ’ ಎಂದು ಹೊರಟವರಿಗೆ ನಿಜವಾಗಿಯೂ ಏನೂ ಕಾಣಲಿಲ್ಲ. ಕುಳಿತು ಕಾದವರಿಗೆ ಗಾಳಿ ಬೀಸಿದಾಗ ಪರದೆ ಸರಿಯುತ್ತದೆ, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಮ್ಮೆಗೇ ಎದುರು ನಿಲ್ಲುತ್ತವೆ, ಮತ್ತೆ ಮುಚ್ಚಿಕೊಳ್ಳುತ್ತವೆ. ಬೇಸಗೆಯಲ್ಲಿ ಹೋದರೆ ಮಂಜಿನ ತೊಂದರೆಯಿಲ್ಲ, ಆದರೆ ನೀರಿನ ಧಾರೆ ಸಣ್ಣದು. ಮೇಲೆ ಲಿಂಗನಮಕ್ಕಿಯಲ್ಲಿ ವಿದ್ಯುತ್ತಿಗಾಗಿ ನೀರನ್ನು ತಡೆದಿಟ್ಟಿರುತ್ತಾರೆ. ಇಂಥ ಕಡೆ ನಿಲ್ಲುವ ಹೊತ್ತನ್ನು ಹಾಳೆಯ ಮೇಲೆ ಗೊತ್ತುಮಾಡುವುದು ಹೇಗೆ? ಸ್ವಲ್ಪ ಹೆಚ್ಚಿನ ಹೊತ್ತನ್ನು ಕೈಯಲ್ಲಿಟ್ಟುಕೊಂಡು ಹೋಗುವುದೊಂದೇ ಉಪಾಯ.

ಕೆಲವು ಊರುಗಳು ಒಂಟಿಯಾಗಿ ಅರ್ಥವಾಗುವುದಿಲ್ಲ; ಒಂದನ್ನು ನೋಡಿದ ಮೇಲೆ ಇನ್ನೊಂದು ತಿಳಿಯುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ಹಾಗೆ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ದೇವಾಲಯಗಳಿವೆ. ಶಿಲ್ಪಿಗಳು ಬಗೆಬಗೆಯಾಗಿ ಕಟ್ಟಿ ಪ್ರಯೋಗ ಮಾಡಿದ ಊರು ಅದು. ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ವಿಮಾನ ಎರಡೂ ಒಂದೇ ಅಂಗಳದಲ್ಲಿ ನಿಂತಿವೆ. ಮೊದಲಿನವೆರಡನ್ನು ನಿಧಾನವಾಗಿ ನೋಡಿದವರು ಪಟ್ಟದಕಲ್ಲಿನಲ್ಲಿ ಒಂದೂವರೆ ಗಂಟೆಯಲ್ಲಿ ಬಹಳವನ್ನು ಗ್ರಹಿಸಬಲ್ಲರು. ನೇರವಾಗಿ ಅಲ್ಲಿಗೇ ಬಂದವರು ಇಡೀ ದಿನ ನಿಂತರೂ ಅಷ್ಟು ಗ್ರಹಿಸಲಾರರು. ಹೊತ್ತು ಸಾಲದೆಂದು ಹೆಚ್ಚಾಗಿ ಬಿಟ್ಟುಹೋಗುವುದು ಐಹೊಳೆಯ ಮೇಗುತಿ ಗುಡ್ಡವನ್ನು. ಅಲ್ಲಿನ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಶಾಸನವಿದೆ. ಕಾಳಿದಾಸ, ಭಾರವಿಗಳ ಹೆಸರು ಅದರಲ್ಲಿದೆ. ಆ ಕವಿಗಳ ಕಾಲವನ್ನು ಗೊತ್ತುಮಾಡಲು ವಿದ್ವಾಂಸರಿಗೆ ಅದು ದೊಡ್ಡ ಆಧಾರವಾಯಿತು. ಪಾಠದಲ್ಲಿ ಪುಲಕೇಶಿಯ ಹೆಸರನ್ನು ಬಾಯಿಪಾಠ ಮಾಡಿದ ಮಕ್ಕಳನ್ನು ಆ ಗುಡ್ಡದ ಬುಡದವರೆಗೆ ಕರೆದೊಯ್ದು, ಹತ್ತಿಸದೆ ಹಿಂದಕ್ಕೆ ತರುವುದು ಯಾವ ಉಳಿತಾಯ?

ಎಲ್ಲಿ ಎಷ್ಟು ಹೊತ್ತು ಎಂಬ ಚಿಂತನೆ ನಮ್ಮ ನಾಡಿಗೆ ಹೊಸದಲ್ಲ. ಸಂಚಾರದಲ್ಲಿರುವ ಸಂನ್ಯಾಸಿ ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿ ತಂಗಬಹುದೆಂದು ಹಳೆಯ ಶಾಸ್ತ್ರಗಳು ವಿಧಿಸಿದ್ದವು. ಮಳೆಗಾಲ ಬಂದರೆ ಅವನೂ ಜೈನ ಮುನಿಯೂ ಒಂದೇ ಕಡೆ ನೆಲೆ ನಿಂತು ಚಾತುರ್ಮಾಸ್ಯ ಮಾಡಬೇಕು. ಆ ಕಾಲದಲ್ಲಿ ನೆಲದ ಮೇಲೆ ಹರಿದಾಡುವ ಕ್ರಿಮಿಕೀಟಗಳು ಕಾಲಿಗೆ ಸಿಕ್ಕಿ ಸಾಯಬಾರದೆಂಬುದು ಅದಕ್ಕೆ ಒಂದು ಕಾರಣ. ಹೆಚ್ಚು ನಿಂತರೆ ಮೋಹ ಬೆಳೆಯುತ್ತದೆ, ಊರಿನವರಿಗೂ ಭಾರವಾಗುತ್ತದೆ ಎಂಬ ಎಚ್ಚರಿಕೆಯಿಂದ ಹುಟ್ಟಿದ ನಿಯಮ ಮೊದಲನೆಯದು. ಋತುವನ್ನು ನೋಡಿ ಮಾಡಿದ ನಿಯಮ ಎರಡನೆಯದು. ನಮಗೂ ಇವೆರಡು ಎಚ್ಚರಗಳು ಬೇಕು. ಹನ್ನೆರಡು ವರ್ಷದ ಮಗುವನ್ನು ನಾಲ್ಕು ಗಂಟೆ ಒಂದೇ ಗುಡಿಯ ಸುತ್ತ ತಿರುಗಿಸಿದರೆ ಅದು ಗುಡಿಯನ್ನೇ ದ್ವೇಷಿಸಲು ಕಲಿಯುತ್ತದೆ. ಹಸಿವು, ಬಿಸಿಲು, ನಿದ್ರೆ ಇವು ಯಾವ ಶಿಲ್ಪಕ್ಕೂ ಮಣಿಯುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಇರಬೇಕಾಗಿತ್ತು ಎನ್ನಿಸುವಾಗ ಹೊರಡುವುದು ಒಳ್ಳೆಯದು. ಯಾವಾಗ ಹೊರಡುತ್ತೇವೋ ಎನ್ನಿಸುವವರೆಗೆ ನಿಲ್ಲಬಾರದು.

ನನ್ನ ಅಭಿಪ್ರಾಯಕ್ಕೆ ಒಂದು ದೊಡ್ಡ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ‘ಕೂಲಿ ಮಾಡುವ ತಂದೆತಾಯಿಗಳು ದುಡ್ಡು ಕೂಡಿಸಿ ಮಗಳನ್ನು ಪ್ರವಾಸಕ್ಕೆ ಕಳುಹಿಸುತ್ತಾರೆ. ಅವಳು ಮತ್ತೆ ಈ ಕಡೆ ಬರುತ್ತಾಳೋ ಇಲ್ಲವೋ! ಬಂದಾಗ ನಾಲ್ಕು ಊರು ಹೆಚ್ಚಾಗಿ ನೋಡಿಕೊಳ್ಳಲಿ’ ಎಂದು ಅನೇಕ ಉಪಾಧ್ಯಾಯರು ಹೇಳುತ್ತಾರೆ. ಈ ಮಾತಿನ ಹಿಂದೆ ಪ್ರೀತಿಯಿದೆ. ಆ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಪ್ರೀತಿಯಿಂದ ಯೋಚಿಸಿದರೂ ನನಗೆ ಬೇರೆ ತೀರ್ಮಾನವೇ ತೋರುತ್ತದೆ. ಮತ್ತೆ ಬರುವ ಅನುಕೂಲವಿರುವವನು ಓಡುತ್ತ ನೋಡಿದರೂ ನಷ್ಟವಿಲ್ಲ. ಬಿಟ್ಟುದನ್ನು ಮುಂದಿನ ವರ್ಷ ನೋಡಿಯಾನು. ಒಮ್ಮೆ ಮಾತ್ರ ಬರುವ ಹುಡುಗಿಗೆ ನಾವು ಕೊಡಬೇಕಾದುದು ಊರುಗಳ ಹೆಸರನ್ನಲ್ಲ. ಆ ಹೆಸರುಗಳು ಅವಳ ಪುಸ್ತಕದಲ್ಲಿಯೇ ಇವೆ. ಮನೆಗೆ ಹೋದ ಮೇಲೆ ಅವಳ ತಾಯಿ ‘ಏನು ನೋಡಿದೆ?’ ಎಂದು ಕೇಳಿದರೆ ಅರ್ಧ ಗಂಟೆ ಹೇಳಲು ಅವಳ ಬಳಿ ಮಾತಿರಬೇಕು. ‘ತುಂಬ ನೋಡಿದೆವಮ್ಮ, ಎಲ್ಲ ಕಲಸಿಹೋಗಿದೆ’ ಎಂದರೆ ಆ ತಾಯಿಯ ಕೂಲಿಯ ದುಡ್ಡು ಬಸ್ಸಿನ ಎಣ್ಣೆಗೆ ಸಂದಂತಾಯಿತು.

ಇನ್ನೊಂದು ಆಕ್ಷೇಪವೂ ಉಂಟು. ಮೊದಲ ಸಲ ಎಲ್ಲವನ್ನೂ ಮೇಲೆಮೇಲೆ ನೋಡಿದರೆ, ಯಾವುದು ಹಿಡಿಸಿತೋ ಅಲ್ಲಿಗೆ ಮುಂದೆ ತಾನೇ ಹೋಗಬೇಕೆಂಬ ಆಸೆ ಹುಟ್ಟುತ್ತದೆ ಎಂಬುದು. ಇದರಲ್ಲಿ ನಿಜಾಂಶವಿದೆ. ಹಂಪೆಯಂಥ ಸ್ಥಳದಲ್ಲಿ ಇದನ್ನು ಒಪ್ಪಲೇಬೇಕು. ವಿಶ್ವಪರಂಪರೆಯ ತಾಣವೆಂದು 1986ರಲ್ಲಿ ಮಾನ್ಯತೆ ಪಡೆದ ಅಲ್ಲಿನ ಪ್ರದೇಶವೇ ಸುಮಾರು 42 ಚದರ ಕಿಲೋಮೀಟರು. ಅದನ್ನು ಪೂರ್ತಿಯಾಗಿ ನೋಡುತ್ತೇನೆಂದು ಯಾವ ಪ್ರವಾಸಿಯೂ ಹೊರಡಬಾರದು. ಆದರೆ ಅಲ್ಲಿಯೂ ಹತ್ತು ಕಡೆ ಐದೈದು ನಿಮಿಷ ನಿಲ್ಲುವುದಕ್ಕಿಂತ ಮೂರು ಕಡೆ ನಿಂತು, ಉಳಿದ ಏಳನ್ನು ಎತ್ತರದ ಒಂದು ಗುಡ್ಡದ ಮೇಲಿನಿಂದ ತೋರಿಸುವುದು ಮೇಲು. ಮತ್ತೆ ಬರಬೇಕೆಂಬ ಆಸೆ, ಒಂದನ್ನಾದರೂ ಸರಿಯಾಗಿ ಕಂಡು ಅದರ ರುಚಿ ಹತ್ತಿದವರಲ್ಲಿ ಹುಟ್ಟುತ್ತದೆ. ಓಡಿ ದಣಿದವರಲ್ಲಿ ಹುಟ್ಟುವುದು ಮನೆಗೆ ಹೋಗಿ ಮಲಗುವ ಆಸೆ.

ಈಚೆಗೆ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವುದರಿಂದ ಈ ಓಟಕ್ಕೆ ಒಂದು ನೆಪ ಸಿಕ್ಕಂತಾಗಿದೆ. ‘ಫೋಟೋ ತೆಗೆದುಕೊಳ್ಳಿ, ಮನೆಯಲ್ಲಿ ನೋಡಿದರಾಯಿತು’ ಎನ್ನುತ್ತಾರೆ. ಫೋಟೋ ಒಳ್ಳೆಯದೇ. ಆದರೆ ದೇವಾಲಯಕ್ಕೆ ಬೆನ್ನು ಮಾಡಿ ನಿಂತು ತೆಗೆದುಕೊಂಡ ಚಿತ್ರದಲ್ಲಿ ದೇವಾಲಯವನ್ನು ನೋಡಿದ್ದು ಮೊಬೈಲೇ ಹೊರತು ನಾವಲ್ಲ. ಮೊದಲು ಹತ್ತು ನಿಮಿಷ ಬರಿಗಣ್ಣಿನಿಂದ ನೋಡಿ, ಅನಂತರ ಚಿತ್ರ ತೆಗೆಯುವ ನಿಯಮವನ್ನು ಮಕ್ಕಳೇ ಮಾಡಿಕೊಂಡರೆ ಒಳಿತು.

ಇದುವರೆಗೆ ನೋಡುವವರ ಮಾತಾಯಿತು. ಬಸ್ಸಿನಲ್ಲಿ ಇನ್ನೊಬ್ಬರಿದ್ದಾರೆ, ವೇಳಾಪಟ್ಟಿ ಬರೆಯುವಾಗ ಅವರನ್ನು ಕೇಳುವವರೇ ಇಲ್ಲ. ಅವರು ಬಸ್ಸಿನ ಚಾಲಕರು. ನಾವು ಒಂದು ಊರನ್ನು ಹೆಚ್ಚಾಗಿ ಸೇರಿಸಿದಾಗ ಆ ಹೊತ್ತು ಎಲ್ಲಿಂದಲೋ ಬರಬೇಕಷ್ಟೆ. ಅದು ಬಸ್ಸಿನ ವೇಗದಿಂದ ಬರುತ್ತದೆ, ಇಲ್ಲವೆ ಚಾಲಕರ ನಿದ್ರೆಯಿಂದ ಬರುತ್ತದೆ. ಚಾಲಕನ ಕೆಲಸ ದಿನಕ್ಕೆ ಎಂಟು ಗಂಟೆ ಮೀರಬಾರದು, ಐದು ಗಂಟೆ ಕೆಲಸ ಮಾಡಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಬೇಕು ಎಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯೇ ಗೊತ್ತುಮಾಡಿತ್ತು. ಕಾನೂನು ಹೇಳದಿದ್ದರೂ ಮನುಷ್ಯನ ಕಣ್ಣು ಅದನ್ನೇ ಹೇಳುತ್ತದೆ. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಒಬ್ಬರೇ ಹಿಡಿದ ಚಕ್ರದ ಹಿಂದೆ ಐವತ್ತು ಮನೆಗಳ ಮಕ್ಕಳು ನಿದ್ರಿಸುತ್ತಿರುತ್ತಾರೆ. ಪಟ್ಟಿಯಿಂದ ಒಂದು ಊರನ್ನು ತೆಗೆಯಲು ಬೇರೆ ಯಾವ ಕಾರಣವೂ ಸಾಲದೆಂದು ತೋರಿದರೆ, ಈ ಒಂದು ಕಾರಣ ಸಾಕು.

ಹಾಗಾದರೆ ಹೊತ್ತನ್ನು ನಿಶ್ಚಯಿಸುವ ಬಗೆ ಯಾವುದು? ನನಗೆ ತಿಳಿದ ಮಟ್ಟಿಗೆ, ಒಂದೊಂದು ಊರಿನ ಹೆಸರು ಬಂದಾಗಲೂ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ದಾರಿ ತಾನಾಗಿ ಕಾಣುತ್ತದೆ. ಇಲ್ಲಿ ನಾವು ವಿಶೇಷವಾಗಿ ನೋಡಬೇಕಾದುದು ಯಾವುದು? ಅದು ದಿನದ ಯಾವ ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ? ಇಳಿದು ಹತ್ತುವ ಹೊತ್ತನ್ನು ಕಳೆದ ಮೇಲೆ ಅದಕ್ಕೆ ಎಷ್ಟು ಸಮಯ ಉಳಿಯುತ್ತದೆ? ಈ ಮೂರಕ್ಕೂ ಸಮಾಧಾನಕರವಾದ ಉತ್ತರವಿಲ್ಲದ ಊರನ್ನು ಆ ವರ್ಷದ ಪಟ್ಟಿಯಿಂದ ಬಿಡಬೇಕು. ನಿಮಿಷಗಳನ್ನು ಕತ್ತರಿಸುವುದಕ್ಕಿಂತ ಊರನ್ನೇ ಬಿಡುವುದು ಆ ಊರಿಗೂ ಮರ್ಯಾದೆ. ಮುಂದಿನ ವರ್ಷದ ಮಕ್ಕಳು ಅದನ್ನು ನೋಡಲಿ. ಬೆಳಗೊಳ, ಬೇಲೂರು, ಹಳೆಯಬೀಡು ಮೂರೂ ಬೇಕೇ ಬೇಕೆಂದರೆ ಹಾಸನದಲ್ಲಿ ಒಂದು ರಾತ್ರಿ ತಂಗಿ ಎರಡು ದಿನ ಮಾಡಿಕೊಳ್ಳಲಿ. ದುಡ್ಡು ಒಂದು ದಿನಕ್ಕೇ ಸಾಲುವುದಾದರೆ ಬೆಳಗೊಳವೊಂದನ್ನೇ ನೋಡಿ, ಎದುರಿನ ಚಂದ್ರಗಿರಿಯನ್ನೂ ಹತ್ತಿ, ಬೆಳಕಿರುವಾಗಲೇ ಮನೆ ಸೇರಲಿ.

ಇನ್ನೊಂದು ಸೂಚನೆ. ಪ್ರತಿದಿನದ ಪಟ್ಟಿಯಲ್ಲಿಯೂ ಒಂದು ಗಂಟೆಯನ್ನು ಯಾವ ಊರಿನ ಹೆಸರಿಗೂ ಬರೆಯದೆ ಖಾಲಿ ಬಿಡಬೇಕು. ಅದನ್ನು ಎಲ್ಲಿ ಖರ್ಚುಮಾಡಬೇಕೆಂಬುದನ್ನು ಅಂದು ಮಕ್ಕಳೇ ನಿರ್ಧರಿಸಲಿ. ಕೆಲವರಿಗೆ ಕೆರೆಯ ದಂಡೆ ಹಿಡಿಸೀತು, ಕೆಲವರಿಗೆ ವಸ್ತುಸಂಗ್ರಹಾಲಯ. ಒಪ್ಪಂದಕ್ಕೆ ಬರಲು ಅವರು ಪರಸ್ಪರ ವಾದಿಸಬೇಕಾಗುತ್ತದೆ, ಸೋತವರು ಸೋಲನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಪ್ರವಾಸ ಕಲಿಸುವ ಪಾಠಗಳಲ್ಲಿ ಇದು ಚಿಕ್ಕದೇನಲ್ಲ. ಬಸ್ಸು ಕೆಟ್ಟರೆ, ಮಳೆ ಬಂದರೆ, ಒಬ್ಬ ಹುಡುಗನಿಗೆ ಹೊಟ್ಟೆನೋವು ಬಂದರೆ ಆ ಗಂಟೆಯೇ ನಮ್ಮನ್ನು ಕಾಯುತ್ತದೆ.

ವಿದ್ಯಾರ್ಥಿಗಳಾದ ನೀವು ಇಂದು ಪಟ್ಟಿಯನ್ನು ಬರೆಯುವವರಲ್ಲ. ಇನ್ನೊಬ್ಬರು ಬರೆದ ಪಟ್ಟಿಯಂತೆ ಹೋಗಿಬರುವವರು. ಆದರೂ ಈ ವರ್ಷ ಪ್ರವಾಸದ ಮಾತು ಬಂದಾಗ ‘ಎಷ್ಟು ಊರುಗಳಿಗೆ ಹೋಗುತ್ತೇವೆ?’ ಎಂದು ಕೇಳುವ ಬದಲು ‘ಅಲ್ಲಿ ಎಷ್ಟು ಹೊತ್ತು ಇರುತ್ತೇವೆ?’ ಎಂದು ನಿಮ್ಮ ಉಪಾಧ್ಯಾಯರನ್ನು ಕೇಳಿ ನೋಡಿ. ಅವರು ಹಾಳೆಯನ್ನು ಮತ್ತೊಮ್ಮೆ ಬಿಚ್ಚಿ ನೋಡಿಯಾರು. ಒಂದು ಊರಾದರೂ ಪಟ್ಟಿಯಿಂದ ಇಳಿದು, ಉಳಿದ ಊರುಗಳಲ್ಲಿ ನಿಮಗೆ ಕುಳಿತು ನೋಡುವಷ್ಟು ಹೊತ್ತು ದೊರೆತೀತು.